ಯಂತ್ರವು ಏಕೆ ನಿಂತಿತು?

ಕಳೆದ ಬೇಸಿಗೆಯಲ್ಲಿ, ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮರುವಾರ, ನನ್ನ ಮಗನು ನನ್ನೆದುರು ಒಂದು ಬೇಡಿಕೆಯನ್ನಿಟ್ಟನು. ಅವನ ಗೆಳೆಯರಲ್ಲಿ ಕೆಲವರು ಮನೆಯಲ್ಲಿ ಮೊಬೈಲ್ ಕೇಳಿದ್ದರು, ಕೆಲವರು ಸೈಕಲ್ ಕೇಳಿದ್ದರು. ಇವನು ಕೇಳಿದ್ದು ಮರ ಕೊಯ್ಯುವ ಹಳೆಯ ಯಂತ್ರವನ್ನು. ಅದು ಓಡುವ ಯಂತ್ರವೇ ಆಗಬೇಕೆಂದಿಲ್ಲ, ಕೆಟ್ಟು ನಿಂತದ್ದಾದರೂ ಸರಿಯೇ. ರಜೆಯಲ್ಲಿ ಅದನ್ನು ಪೂರ್ತಿಯಾಗಿ ಬಿಚ್ಚಿ, ಸರಿಪಡಿಸಿ ಚಿಕ್ಕಪ್ಪನಿಗೆ ಕೊಡುತ್ತೇನೆ ಎಂಬುದು ಅವನ ಮಾತು.

ಚಿಕ್ಕಪ್ಪ ಎಂದರೆ ನನ್ನ ತಮ್ಮ. ನಮ್ಮದು ಮಡಕಶಿರಾ ಕಡೆಯ ಹಳ್ಳಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಒಣಗಿ ನಿಂತ ತೆಂಗಿನ ಮರಗಳನ್ನು ಉರುಳಿಸುವುದು, ಹೊಲದ ಬದುಗಳನ್ನೂ ಕೆರೆಯಂಗಳವನ್ನೂ ಆವರಿಸಿಕೊಂಡಿರುವ ಬಳ್ಳಾರಿ ಜಾಲಿಯನ್ನು ಕಡಿದು ಸೌದೆಗೆ ಹಾಕುವುದು ತಮ್ಮನ ಜೀವನ. ಅಮೆರಿಕ ಖಂಡದಿಂದ 19ನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದ ಈ ಜಾಲಿಯು ಎಷ್ಟು ಕಡಿದರೂ ಚಿಗುರುತ್ತದೆ; ಆದ್ದರಿಂದ ತಮ್ಮನಿಗೆ ಕೆಲಸಕ್ಕೆ ಕೊರತೆಯಿಲ್ಲ. ಕೊರತೆಯಿದ್ದದ್ದು ಯಂತ್ರಕ್ಕೆ. ದಿನದ ಬಾಡಿಗೆಗೆ ತಂದು, ಕೂಲಿಯಲ್ಲಿ ದೊಡ್ಡ ಪಾಲನ್ನು ಬಾಡಿಗೆಗೇ ಕೊಟ್ಟು ಬರುತ್ತಿದ್ದನು. ಎರಡು ವರ್ಷದ ಹಿಂದೆ ಹಾಗೆ ತಂದ ಯಂತ್ರವೊಂದು ಕೊಂಬೆಗೆ ತಗುಲಿ ಹಿಂದಕ್ಕೆ ಚಿಮ್ಮಿ ಅವನ ಎಡತೋಳನ್ನು ಸೀಳಿತು. ಹನ್ನೊಂದು ಹೊಲಿಗೆ ಬಿದ್ದವು. ಆ ಯಂತ್ರಕ್ಕೆ ಬ್ರೇಕು ಇರಲಿಲ್ಲ ಎಂಬುದು ನಮಗೆ ತಿಳಿದದ್ದು ಆಮೇಲೆ. ಮಗನು ಆ ದಿನ ಚಿಕ್ಕಪ್ಪನ ಜೊತೆಯಲ್ಲಿದ್ದನು.

ನಾನು ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕ. ಹತ್ತನೆಯ ತರಗತಿಯಾದ ಮೇಲೆ ನಮ್ಮ ಮಕ್ಕಳ ಮುಂದೆ ಎಂಥ ಕವಲುದಾರಿ ನಿಲ್ಲುತ್ತದೆಂಬುದು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಹತ್ತು ವರ್ಷ ಕನ್ನಡದಲ್ಲಿ ಓದಿದವರು ಒಮ್ಮೆಗೇ ತೆಲುಗು ಅಥವಾ ಇಂಗ್ಲಿಷಿನ ಪಾಠಕ್ಕೆ ಕುಳಿತುಕೊಳ್ಳಬೇಕು. ನನ್ನ ಮಗ ಇಂಟರ್ಮೀಡಿಯೆಟ್ಟಿನಲ್ಲಿ ಗಣಿತ, ವಿಜ್ಞಾನ ತೆಗೆದುಕೊಳ್ಳಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ಅವನ ಗಣಿತವೋ ಎರಡು ವರ್ಷದಿಂದ ಕುಂಟುತ್ತಿತ್ತು. ಇಂಥ ಹೊತ್ತಿನಲ್ಲಿ ಎಣ್ಣೆ ಮಸಿಯ ಕೆಲಸಕ್ಕೆ ಅನುಮತಿ ಕೊಟ್ಟರೆ ಹುಡುಗ ಕೈತಪ್ಪಿ ಹೋದಾನೆಂಬ ಭಯ ನನಗಿತ್ತು. ಆದರೆ ತಮ್ಮನ ತೋಳಿನ ಗಾಯ ದಿನವೂ ಕಣ್ಣೆದುರಿಗೆ ಇದ್ದುದರಿಂದ ಇಲ್ಲವೆನ್ನಲಾಗಲಿಲ್ಲ. ಮೂರು ಷರತ್ತುಗಳನ್ನು ಹಾಕಿ ಒಪ್ಪಿದೆ. ಎಲ್ಲವೂ ಸೇರಿ ಖರ್ಚು ಐದು ಸಾವಿರ ದಾಟಕೂಡದು. ಚೈನು ಹಾಕಿದ ಯಂತ್ರವನ್ನು ಚಿಕ್ಕಪ್ಪನಲ್ಲದೆ ಅವನು ಓಡಿಸಕೂಡದು, ಹದಿನೆಂಟು ತುಂಬುವವರೆಗೆ ಅದರ ಮಾತೇ ಇಲ್ಲ. ಬ್ರೇಕು ಮತ್ತು ಕೈಕಾವಲು ಇಲ್ಲದ ಯಂತ್ರವನ್ನು ಎಷ್ಟೇ ಅಗ್ಗವಾದರೂ ಕೊಳ್ಳಕೂಡದು.

ಮೊದಲು ಹೋದದ್ದು ಹಿಂದೂಪುರಕ್ಕೆ. ಹುಣಸೆಹಣ್ಣಿನ ವ್ಯಾಪಾರಕ್ಕೆ ಹೆಸರಾದ ಊರು. ಬೇಸಿಗೆಯಲ್ಲಿ ಮಾರುಕಟ್ಟೆಯ ಕಡೆ ಹೋದರೆ ಗಾಳಿಯೇ ಹುಳಿಯಾಗಿರುತ್ತದೆ. ಅಲ್ಲಿ ಹಳೆಯ ಮೋಟರು, ಪಂಪುಸೆಟ್ಟುಗಳನ್ನು ಮಾರುವವರೊಬ್ಬರ ಅಂಗಡಿಯಲ್ಲಿ 58 ಸಿಸಿಯ ಗರಗಸವೊಂದಿತ್ತು. ಕೆಂಪು ಬಣ್ಣ ಹೊಸದಾಗಿ ಹೊಳೆಯುತ್ತಿತ್ತು. ಅಂಗಡಿಯವರು ಹಗ್ಗವನ್ನು ಒಂದೇ ಸಲ ಎಳೆದರು. ಎಂಜಿನ್ ಗುಡುಗಿ ಎದ್ದಿತು. ಬೆಲೆ ನಾಲ್ಕೂವರೆ ಸಾವಿರ. ನನಗೆ ಅಲ್ಲಿಯೇ ಮನಸ್ಸು ತುಂಬಿತು. ಓಡುವ ಯಂತ್ರ, ಮಿತಿಯೊಳಗಿನ ಬೆಲೆ, ಇನ್ನೇನು ಬೇಕು? ಜೇಬಿಗೆ ಕೈಹಾಕಿದೆ.

ಮಗನು ನನ್ನ ಅಂಗಿಯ ತೋಳನ್ನು ಮೆಲ್ಲನೆ ಎಳೆದು, “ಅಪ್ಪಾ, ಸ್ವಲ್ಪ ನಿಲ್ಲಿ” ಎಂದನು. ಎಂಜಿನನ್ನು ನಿಲ್ಲಿಸಲು ಹೇಳಿ, ಅಂಗಡಿಯವರ ಅಪ್ಪಣೆ ಪಡೆದು, ಎಳೆಯುವ ಹಗ್ಗದ ಹಿಡಿಯನ್ನು ಕೈಯಲ್ಲಿ ಹಿಡಿದು ಯಂತ್ರವನ್ನು ನೆಲದಿಂದ ಮೇಲಕ್ಕೆ ತೂಗುಬಿಟ್ಟನು. ಹಗ್ಗ ಸರ್ರನೆ ಬಿಚ್ಚಿಕೊಂಡು ಯಂತ್ರ ಕೆಳಗಿಳಿದುಬಿಟ್ಟಿತು. ಅವನು ಏನೂ ಹೇಳದೆ ಏರ್ ಫಿಲ್ಟರಿನ ಮುಚ್ಚಳ ತೆಗೆದನು. ಒಳಗೆ ಫಿಲ್ಟರ್ ಇರಲಿಲ್ಲ, ಹಾಸಿಗೆಯ ಸ್ಪಂಜಿನ ತುಂಡೊಂದನ್ನು ತುರುಕಿದ್ದರು. ಸೈಲೆನ್ಸರಿನ ಎರಡು ಬೋಲ್ಟು ಬಿಚ್ಚಿ ಒಳಗೆ ನೋಡಬಹುದೇ ಎಂದು ಕೇಳಿದನು. ಅಂಗಡಿಯವರು ಒಪ್ಪಲಿಲ್ಲ. “ಓಡುತ್ತಿರುವ ಮಿಷನ್ನನ್ನು ಬಿಚ್ಚುವುದೇಕೆ, ಬಾಬು?” ಎಂದರು. ಕೊನೆಗೆ ಅವನು ಮುಂದಿನ ಹಿಡಿಯತ್ತ ಬೆರಳು ತೋರಿಸಿದನು. ಅಲ್ಲಿ ಕೈಕಾವಲೇ ಇರಲಿಲ್ಲ. ಯಾರೋ ಅದನ್ನು ಕತ್ತರಿಸಿ ತೆಗೆದಿದ್ದರು. “ಅದರಿಂದ ಕೆಲಸಕ್ಕೆ ಅಡ್ಡಿ, ಯಾರೂ ಇಟ್ಟುಕೊಳ್ಳುವುದಿಲ್ಲ” ಎಂದು ಅಂಗಡಿಯವರು ಸಹಜವಾಗಿಯೇ ಹೇಳಿದರು.

ಆ ಕೈಕಾವಲೇ ಬ್ರೇಕಿನ ಸನ್ನೆಗೋಲು. ಬಾರಿನ ತುದಿಯ ಮೇಲ್ಭಾಗಕ್ಕೆ ಮರ ತಗುಲಿದರೆ ಗರಗಸವು ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೂ ಹಿಂದಕ್ಕೂ ಚಿಮ್ಮುತ್ತದೆ. ಪೂರ್ಣ ವೇಗದಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರು ಓಡುತ್ತಿರುತ್ತದೆ. ಆ ಗಳಿಗೆಯಲ್ಲಿ ಮನುಷ್ಯನ ಕೈ ಏನನ್ನೂ ತಡೆಯಲಾರದು. ಚಿಮ್ಮಿದಾಗ ಎಡಗೈಯ ಹಿಂಭಾಗ ಕಾವಲಿಗೆ ತಾಗಿ ಅದು ಮುಂದಕ್ಕೆ ವಾಲಿದೊಡನೆ ಉಕ್ಕಿನ ಪಟ್ಟಿಯೊಂದು ಕ್ಲಚ್ಚಿನ ಡ್ರಮ್ಮನ್ನು ಬಿಗಿದು ಚೈನನ್ನು ನಿಲ್ಲಿಸುತ್ತದೆ. ಇದೆಲ್ಲವನ್ನೂ ಅಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ನನಗೆ ವಿವರಿಸಿದವನು ನನ್ನ ಮಗ. ನಾನು ಹಾಕಿದ ಷರತ್ತನ್ನು ನಾನೇ ಮರೆತು ಹಣ ತೆಗೆಯಹೊರಟಿದ್ದೆ. ಬಣ್ಣ ಮತ್ತು ಸದ್ದು ನನ್ನನ್ನು ಮರೆಸಿದ್ದವು.

“ಇನ್ನೊಂದು ವಿಷಯ, ಅಪ್ಪಾ. ನಾವು ಹೋಗುವುದಕ್ಕೆ ಮುಂಚೆಯೇ ಸೈಲೆನ್ಸರ್ ಬಿಸಿಯಾಗಿತ್ತು. ಬಿಸಿಯಾದ ಎಂಜಿನ್ ಸುಲಭವಾಗಿ ಏಳುತ್ತದೆ. ತಣ್ಣಗಿರುವಾಗ ಎದ್ದರೆ ಮಾತ್ರ ಅದಕ್ಕೆ ಬೆಲೆ” ಎಂದನು.

ಇದನ್ನೆಲ್ಲ ಎಲ್ಲಿ ಕಲಿತೆಯೆಂದು ಕೇಳಿದೆ. ನಮ್ಮೂರಿನಲ್ಲಿ ಪಂಪುಸೆಟ್ಟು, ಮೊಪೆಡ್ಡುಗಳನ್ನು ರಿಪೇರಿ ಮಾಡುವ ಮೇಸ್ತ್ರಿಯ ಹತ್ತಿರ ಸಂಜೆಯ ಹೊತ್ತು ಕೂರುತ್ತಿದ್ದನಂತೆ. ಟ್ಯೂಷನ್ ಮುಗಿಸಿ ತಡವಾಗಿ ಬರುತ್ತಿದ್ದುದರ ಅರ್ಥ ಆಗ ಹೊಳೆಯಿತು. ಕೋಪಿಸಿಕೊಳ್ಳಬೇಕೋ ಸಂತೋಷಪಡಬೇಕೋ ತಿಳಿಯದೆ ಸುಮ್ಮನಾದೆ.

ಎರಡನೆಯ ಯಂತ್ರದ ಸುದ್ದಿ ಬಂದದ್ದು ಆ ಮೇಸ್ತ್ರಿಯಿಂದಲೇ. ಅವರಿಗೆ ಕೆಲಸ ಕಲಿಸಿದ ಗುರುಗಳು ಕಲ್ಯಾಣದುರ್ಗದಲ್ಲಿದ್ದಾರೆ. ಅವರಲ್ಲಿ ಸೀಜ್ ಆದ ಗರಗಸವೊಂದು ಬಿದ್ದಿದೆ ಎಂದರು. ಓಡದ ಯಂತ್ರವನ್ನು ನೋಡಲು ಅರ್ಧ ದಿನದ ಪ್ರಯಾಣವೇ ಎಂದು ನಾನು ಗೊಣಗಿದೆ. ಹೊರಟೆವು.

ಮಡಕಶಿರಾದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ದಾರಿ ನಮ್ಮ ಗಡಿನಾಡಿನ ಕತೆಯನ್ನು ತಾನೇ ಹೇಳುತ್ತದೆ. ಆಂಧ್ರದಲ್ಲಿ ಬಸ್ಸು ಹತ್ತಿ, ಬಹುತೇಕ ಸುತ್ತಲೂ ಆಂಧ್ರದ ನೆಲವೇ ಇರುವ ಕರ್ನಾಟಕದ ಪಾವಗಡದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಮತ್ತೆ ಆಂಧ್ರಕ್ಕೆ ಬರಬೇಕು. ಅಂಗಡಿಗಳ ಫಲಕ ತೆಲುಗಿನಿಂದ ಕನ್ನಡಕ್ಕೆ ತಿರುಗಿ ಮತ್ತೆ ತೆಲುಗಾಗುತ್ತದೆ. ಹೊರಗಿನ ಕೆಮ್ಮಣ್ಣು, ಕಲ್ಲುಗುಡ್ಡ, ಜಾಲಿ ಮಾತ್ರ ಬದಲಾಗುವುದಿಲ್ಲ. ಹಿಂದೂಪುರ, ಮಡಕಶಿರಾಗಳು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ. ಜಾಲಿ ಕಡಿಯುವವರ ಬದುಕು ಎರಡೂ ಕಡೆ ಒಂದೇ.

ಕಲ್ಯಾಣದುರ್ಗದ ಆ ಹಿರಿಯರು ಎಪ್ಪತ್ತು ದಾಟಿದವರು. ಕೆಲಸ ಕಲಿತದ್ದು ಲೂನಾದ ಮೇಲೆ, ಟಿವಿಎಸ್ 50ರ ಮೇಲೆ. 1972ರಲ್ಲಿ ಲೂನಾ, 1980ರಲ್ಲಿ ಟಿವಿಎಸ್ 50 ಬಂದಾಗ ನಮ್ಮ ಹಳ್ಳಿಗಳ ಹಾಲು, ತರಕಾರಿ, ಅಂಚೆ ಎಲ್ಲವೂ ಆ ಪುಟ್ಟ ಟೂ ಸ್ಟ್ರೋಕ್ ಎಂಜಿನ್ನುಗಳ ಮೇಲೆ ಓಡಾಡಿದ್ದನ್ನು ನನ್ನ ವಯಸ್ಸಿನವರು ಮರೆತಿರಲಾರರು. ಮರ ಕೊಯ್ಯುವ ಯಂತ್ರದೊಳಗಿರುವುದೂ ಅದೇ ಜಾತಿಯ ಎಂಜಿನ್. ಅದರ ಎಣ್ಣೆಯನ್ನು ಪ್ರತ್ಯೇಕವಾಗಿ ತುಂಬುವುದಿಲ್ಲ, ಪೆಟ್ರೋಲಿನಲ್ಲಿಯೇ ಬೆರೆಸುತ್ತಾರೆ. ಪಿಸ್ಟನ್ನಿಗೂ ಬೇರಿಂಗಿಗೂ ಸಿಗುವ ಎಣ್ಣೆ ಅದೊಂದೇ. ಒಳ್ಳೆಯ 2ಟಿ ಎಣ್ಣೆಯಾದರೆ ಐವತ್ತಕ್ಕೆ ಒಂದರಂತೆ, ಅಂದರೆ ಲೀಟರಿಗೆ 20 ಮಿಲಿಲೀಟರು ಬೆರೆಸುವುದು ಇಂದಿನ ಅನೇಕ ಗರಗಸಗಳ ವಾಡಿಕೆ; ಹಳೆಯವಕ್ಕೆ ಇಪ್ಪತ್ತೈದಕ್ಕೆ ಒಂದು. ಯಂತ್ರದ ಕೈಪಿಡಿ ಹೇಳಿದ್ದೇ ಪ್ರಮಾಣ.

ಮೂಲೆಯಲ್ಲಿದ್ದ ಯಂತ್ರವನ್ನು ಅವರು ತಂದಿಟ್ಟರು. ಅದರ ಮೈಮೇಲೆ ಬೆರಳು ದಪ್ಪದ ಎಣ್ಣೆ ಧೂಳು. ಮೇಲಿನ ಅಂಚಕ್ಕರದ ಬಣ್ಣವೆಲ್ಲ ಮಾಸಿ ಯಾವ ಕಂಪನಿಯದೆಂದು ಹೇಳಲೂ ಕಷ್ಟವಾಗಿತ್ತು. ನನಗೆ ಅದು ಗುಜರಿಯಂತೆ ಕಂಡಿತು. ಮಗನು ಮಾತ್ರ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಕುಳಿತನು.

“ತಾತ, ಸೈಲೆನ್ಸರ್ ಬಿಚ್ಚಿ ನೋಡಲೇ?”

“ನೋಡಪ್ಪಾ. ಬಿಚ್ಚಿ ನೋಡದೆ ಕೊಂಡರೆ ನಾನೇ ಬೈಯುತ್ತಿದ್ದೆ.”

ಅವನು ನೋಡಿದ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಮಕ್ಕಳು ಇಂಥ ಕೆಲಸಕ್ಕೆ ಆಸೆಪಟ್ಟಾಗ ಮನೆಯ ಹಿರಿಯರಿಗೆ ಉಪಯೋಗಕ್ಕೆ ಬಂದೀತು. ಮೊದಲು, ಎಲ್ಲ ಭಾಗಗಳೂ ಇವೆಯೇ ಎಂದು ಎಣಿಸಿದನು. ಕೈಕಾವಲು, ಬ್ರೇಕಿನ ಪಟ್ಟಿ, ಚೈನು ತುಂಡಾದರೆ ಹಿಡಿಯುವ ಕೊಕ್ಕೆ, ಫಿಲ್ಟರಿನ ಮುಚ್ಚಳ ಎಲ್ಲವೂ ಇದ್ದವು. ಇಂಥ ಸಣ್ಣ ಭಾಗಗಳನ್ನು ಬಿಡಿಬಿಡಿಯಾಗಿ ಹುಡುಕಹೊರಟರೆ ಯಂತ್ರದ ಬೆಲೆಗಿಂತ ಹೆಚ್ಚಾಗುತ್ತದೆ. ಎರಡನೆಯದಾಗಿ, ಕೆಳಗಿನ ಕವಚದಲ್ಲಿ ಬಿರುಕಿದೆಯೇ, ಬೋಲ್ಟಿನ ಮರೆಗಳು ಸವೆದಿವೆಯೇ ಎಂದು ನೋಡಿದನು. ಮೂರನೆಯದಾಗಿ, ಫ್ಲೈವೀಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದನು. ಅದು ಅಲ್ಲಾಡಿದರೆ ಬೇರಿಂಗು ಹೋಗಿದೆಯೆಂದು ಅರ್ಥ, ಮೊದಲ ಸಲ ಕೈಹಚ್ಚುವವರಿಗೆ ಅದು ಭಾರವಾದ ಕೆಲಸ. ಇದು ಅಲ್ಲಾಡಲಿಲ್ಲ. ಒತ್ತಿ ತಿರುಗಿಸಿದಾಗ ಬಿಗಿಯಾಗಿ ತಿರುಗಿತು. ನಾಲ್ಕನೆಯದಾಗಿ, ಹೊಗೆ ಹೊರಡುವ ಕಿಂಡಿಯಲ್ಲಿ ಟಾರ್ಚು ಬಿಟ್ಟು ಪಿಸ್ಟನ್ನನ್ನು ನೋಡಿದನು.

ನನಗೂ ತೋರಿಸಿದನು. ಕನ್ನಡಿಯಂತೆ ಇರಬೇಕಾದ ಲೋಹದ ಮೇಲೆ ಬೆಕ್ಕು ಪರಚಿದಂತೆ ನೆಟ್ಟನೆಯ ಗೀರುಗಳಿದ್ದವು.

“ಗೀರು ಎಲ್ಲಿದೆ, ಹೇಳು?” ಎಂದರು ಹಿರಿಯರು.

“ಹೊಗೆ ಕಿಂಡಿಯ ಕಡೆಗೆ ಮಾತ್ರ, ತಾತ.”

“ಹಾಗಾದರೆ?”

ಮಗನು ಪಾಠ ಒಪ್ಪಿಸುವವನಂತೆ ಹೇಳಿದನು. ಗೀರು ಸುತ್ತಲೂ ಇದ್ದರೆ ಸಾಮಾನ್ಯವಾಗಿ ಎಣ್ಣೆ ಬೆರೆಸದೆ ಬರಿಯ ಪೆಟ್ರೋಲು ಹಾಕಿದ್ದಾರೆಂದು ಅರ್ಥ. ಗಾಳಿ ಒಳಬರುವ ಕಡೆ ಮಂಕಾಗಿ ಸವೆದಿದ್ದರೆ ಫಿಲ್ಟರ್ ದಾಟಿ ಧೂಳು ಹೊಕ್ಕಿದೆ. ಹೊಗೆ ಕಿಂಡಿಯ ಕಡೆ ಮಾತ್ರ ಇದ್ದರೆ, ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾಗಿ ಎಂಜಿನ್ ಕಾದುಹೋಗಿದೆ. ಏಕೆಂದರೆ ಪಿಸ್ಟನ್ನಿನ ಅತ್ಯಂತ ಬಿಸಿಯಾದ ಬದಿ ಅದೇ.

ಹಿರಿಯರು ತಲೆದೂಗಿದರು. ಆಮೇಲೆ ಯಂತ್ರದ ಕತೆ ಹೇಳಿದರು. ಇದ್ದಿಲು ಸುಡುವವನೊಬ್ಬನದಂತೆ. ಒಮ್ಮೆ ಸೀಜ್ ಆಯಿತು. ಬೇರೆಲ್ಲಿಯೋ ಕೊಟ್ಟು ಹೊಸ ಪಿಸ್ಟನ್ ಹಾಕಿಸಿದನು. ಒಂದು ವಾರ ಚೆನ್ನಾಗಿ ಓಡಿ ಮತ್ತೆ ಸೀಜ್ ಆಯಿತು. ಬೇಸತ್ತು ಇವರ ಬಳಿ ತಂದು ಮಾರಿಬಿಟ್ಟನು.

“ಪಿಸ್ಟನ್ ಸತ್ತದ್ದನ್ನು ಎಲ್ಲರೂ ನೋಡುತ್ತಾರೆ. ಕೊಂದವನನ್ನು ಯಾರೂ ಹುಡುಕುವುದಿಲ್ಲ” ಎಂದರು ಅವರು. “ಎರಡು ಸಾವಿರ ಕೊಡಿ, ಮೇಷ್ಟ್ರೇ. ಕೊಂದವನನ್ನು ಹುಡುಕಿಯೇ ಕೊಡುತ್ತೇನೆ. ಹುಡುಗ ನೋಡಿಕೊಳ್ಳಲಿ.”

ಹಣ ಕೊಟ್ಟೆ. ಅವರು ಕ್ಲಚ್ಚನ್ನೂ ಫ್ಲೈವೀಲನ್ನೂ ಕಳಚಿ, ಸೈಕಲ್ ಟ್ಯೂಬಿನ ತುಂಡುಗಳಿಂದ ಸೈಲೆನ್ಸರಿನ ಕಿಂಡಿಯನ್ನೂ ಕಾರ್ಬ್ಯುರೇಟರಿನ ದಾರಿಯನ್ನೂ ಬಿಗಿಯಾಗಿ ಮುಚ್ಚಿದರು. ಒಳಗಿನಿಂದ ಒಂದು ವಿಚಿತ್ರವಾದ ವಸ್ತುವನ್ನು ತಂದರು. ಆಸ್ಪತ್ರೆಯಲ್ಲಿ ರಕ್ತದೊತ್ತಡ ನೋಡುವ ಹಳೆಯ ಉಪಕರಣ! ಅದರ ರಬ್ಬರ್ ಕೊಳವೆಯನ್ನು ಪ್ಲಗ್ಗಿನ ರಂಧ್ರಕ್ಕೆ ಜೋಡಿಸಿ, ಪಿಸ್ಟನ್ನನ್ನು ಕೆಳತುದಿಗೆ ಇಳಿಸಿ, ಬುರುಡೆಯನ್ನು ಮೆಲ್ಲನೆ ಒತ್ತುತ್ತಾ ಹೋದರು. ಮುಳ್ಳು 250ಕ್ಕೆ ಏರಿತು, ಕೈಬಿಟ್ಟೊಡನೆ ಇಳಿಯತೊಡಗಿತು. ಎಲ್ಲಿಂದಲೋ ಗಾಳಿ ಸೋರುತ್ತಿತ್ತು. ಇಂಥ ಪರೀಕ್ಷೆಗೆ ಇಷ್ಟು ಮೆಲ್ಲಗಿನ ಒತ್ತಡವೇ ಸಾಕು, ಗಾಲಿಗೆ ಗಾಳಿ ತುಂಬುವ ಕಂಪ್ರೆಸರಿನಿಂದ ಒತ್ತಿದರೆ ಒಳ್ಳೆಯ ಸೀಲೂ ಹಾರಿಹೋಗುತ್ತದೆ ಎಂದು ಹೇಳುತ್ತಾ, ಸಾಬೂನಿನ ನೊರೆಯ ಬಟ್ಟಲನ್ನು ಮಗನ ಕೈಗೆ ಕೊಟ್ಟರು.

ಮಗನು ಬ್ರಶ್ಶಿನಿಂದ ಒಂದೊಂದೇ ಕೀಲಿಗೆ ನೊರೆ ಹಚ್ಚಿದನು. ಸಿಲಿಂಡರಿನ ಬುಡದಲ್ಲಿ ಏನೂ ಇಲ್ಲ. ಕ್ಲಚ್ಚಿನ ಬದಿಯಲ್ಲಿ ಏನೂ ಇಲ್ಲ. ಫ್ಲೈವೀಲಿನ ಬದಿಗೆ, ದಂಡವು ಹೊರಬರುವಲ್ಲಿ ಹಚ್ಚಿದೊಡನೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಅಲ್ಲಿದ್ದುದು ಒಂದು ರಬ್ಬರಿನ ಉಂಗುರ, ಆಯಿಲ್ ಸೀಲ್. ನೂರು ರೂಪಾಯಿಗಿಂತ ಕಡಿಮೆಯ ವಸ್ತು. ಗಟ್ಟಿಯಾಗಿ ಅಂಚು ಸೀಳಿತ್ತು. ಆ ಸೀಳಿನಿಂದ ಎಂಜಿನ್ ಕದ್ದು ಗಾಳಿ ಕುಡಿಯುತ್ತಿತ್ತು. ಗಾಳಿ ಹೆಚ್ಚಾದಷ್ಟೂ ಪೆಟ್ರೋಲು ತೆಳುವಾಗಿ, ಜೊತೆಯ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಕಾದು ಸಿಲಿಂಡರಿಗೆ ಅಂಟಿಕೊಂಡಿತ್ತು. ಹೊಸ ಪಿಸ್ಟನ್ ಹಾಕಿದವನು ಕೆಲಸವನ್ನು ಸರಿಯಾಗಿಯೇ ಮಾಡಿದ್ದನು. ಸೋರಿಕೆಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದನು. ಆದ್ದರಿಂದ ಹೊಸದೂ ಸತ್ತಿತು.

ಹಿಂದಿರುಗುವ ಬಸ್ಸಿನಲ್ಲಿ ಚೀಲದೊಳಗಿನ ಯಂತ್ರವನ್ನು ಕಾಲ ಬಳಿ ಇಟ್ಟುಕೊಂಡು ಮಗನು ನಿದ್ದೆಹೋದನು. ನನಗೆ ನಿದ್ದೆ ಬರಲಿಲ್ಲ. ಹಿರಿಯರ ಮಾತು ಕಿವಿಯಲ್ಲಿತ್ತು. ಎರಡು ವರ್ಷದಲ್ಲಿ ಮಗನ ಗಣಿತಕ್ಕಾಗಿ ನಾನು ಮೂರು ಟ್ಯೂಷನ್ ಬದಲಿಸಿದ್ದೆ. ಒಂದು ಕೆಲಸಕ್ಕೆ ಬರಲಿಲ್ಲವೆಂದು ಇನ್ನೊಂದು, ಅದೂ ಆಗಲಿಲ್ಲವೆಂದು ಮತ್ತೊಂದು. ಅದು ಹೊಸ ಪಿಸ್ಟನ್ ಹಾಕುವ ಕೆಲಸವಾಗಿತ್ತು. ಎಲ್ಲಿ ಸೋರುತ್ತಿದೆಯೆಂದು ಒಮ್ಮೆಯೂ ನೊರೆ ಹಚ್ಚಿ ನೋಡಿರಲಿಲ್ಲ.

ಮರುದಿನ ಅವನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದನು. ಟ್ಯೂಷನ್ನಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಅರ್ಥ ತೆಲುಗಿನಲ್ಲಿ. ಶಾಲೆಯಲ್ಲಿ ಅವನು ‘ಲಂಬ’ ಎಂದು ಕಲಿತದ್ದು ಅಲ್ಲಿ ‘ಪರ್ಪೆಂಡಿಕ್ಯುಲರ್’, ‘ಅಪವರ್ತನ’ವೆಂಬುದು ‘ಫ್ಯಾಕ್ಟರ್’. ಎರಡೂ ಒಂದೇ ಎಂದು ತಿಳಿಯುವಷ್ಟರಲ್ಲಿ ಲೆಕ್ಕ ಮುಂದಕ್ಕೆ ಹೋಗಿರುತ್ತಿತ್ತು. ಕೇಳಿದರೆ ಉಳಿದವರು ನಕ್ಕಾರೆಂದು ಕೇಳುತ್ತಿರಲಿಲ್ಲ. ಗಣಿತ ಅವನಿಗೆ ಬಾರದಿದ್ದುದಲ್ಲ. ಎರಡು ಭಾಷೆಗಳ ನಡುವಿನ ಕೀಲಿಯಲ್ಲಿ ಸಣ್ಣ ಸೀಳಿತ್ತು. ನಾನು ಮೂವತ್ತು ವರ್ಷ ಪಾಠ ಹೇಳಿದವನು, ನನ್ನ ಮನೆಯೊಳಗಿನ ಆ ಸೀಳು ನನಗೆ ಕಂಡಿರಲಿಲ್ಲ.

ಬಿಡಿಭಾಗಗಳಿಗೆ ಮತ್ತೆ ಹಿಂದೂಪುರಕ್ಕೆ ಹೋದೆವು. ಪಿಸ್ಟನ್ ಮತ್ತು ರಿಂಗು 650 ರೂಪಾಯಿ, ಎರಡು ಬದಿಯ ಸೀಲು 180, ಪ್ಯಾಕಿಂಗು, ಪೆಟ್ರೋಲ್ ಪೈಪು, ಕಾರ್ಬ್ಯುರೇಟರಿನ ಡಯಾಫ್ರಮ್ಮು ಸೇರಿ 420, ಪ್ಲಗ್ಗು 150, ಹೊಸ ಚೈನು 550. ಒಂದು ಬದಿಯ ಸೀಲು ಮಾತ್ರ ಕೆಟ್ಟಿದ್ದರೂ ಎರಡನ್ನೂ ಬದಲಿಸಬೇಕು, ಏಕೆಂದರೆ ಎರಡರ ವಯಸ್ಸೂ ಒಂದೇ. ಯಂತ್ರದ ಎರಡು ಸಾವಿರವೂ ಸೇರಿ 3,950 ರೂಪಾಯಿ. ಬಸ್ಸಿನ ಚಾರ್ಜು ಬೇರೆ. ಹೊಳೆಯುವ ಆ ಕೆಂಪು ಯಂತ್ರದ ಬರಿಯ ಬೆಲೆಗಿಂತ ಇದು ಕಡಿಮೆ.

ನಮ್ಮೂರಿನ ಮೇಸ್ತ್ರಿಯ ಕಣ್ಣಳತೆಯಲ್ಲಿ ಎರಡು ವಾರ ಕೆಲಸ ನಡೆಯಿತು. ಸಿಲಿಂಡರಿನ ಗೋಡೆಗೆ ಅಂಟಿದ್ದ ಪಿಸ್ಟನ್ನಿನ ಅಲ್ಯುಮಿನಿಯಮ್ಮನ್ನು ನಯವಾದ ಎಮರಿ ಕಾಗದದಿಂದ ನಾಲ್ಕು ದಿನ ಉಜ್ಜಿದನು. ಒಳಗಿನ ಗಟ್ಟಿ ಲೇಪ ಸುಲಿದಿದ್ದರೆ ಸಿಲಿಂಡರನ್ನೇ ಎಸೆಯಬೇಕಾಗುತ್ತಿತ್ತು. ಪುಣ್ಯಕ್ಕೆ ಅದು ಹಾಗೆಯೇ ಇತ್ತು. ಕಳಚಿದ ಬೋಲ್ಟುಗಳನ್ನು ತಾಯಿಯ ಮಸಾಲೆ ಡಬ್ಬಿಯಲ್ಲಿ ಮನೆಮನೆಯಾಗಿ ಇಟ್ಟು, ಪ್ರತಿಯೊಂದರ ಚಿತ್ರ ಬರೆದುಕೊಂಡನು. ಡಬ್ಬಿಗಾಗಿ ಅವನ ತಾಯಿ ಕೂಗಾಡಿದ್ದು ಬೇರೆ ಮಾತು.

ಚೈನಿನ ಹಲ್ಲನ್ನು ದುಂಡನೆಯ ಅರದಿಂದ ಹರಿತಗೊಳಿಸುವಾಗ ನಾನೂ ಅವನಿಗೊಂದು ಕತೆ ಹೇಳಿದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನಿದ್ದನು. 1946ರಲ್ಲಿ ಒಂದು ದಿನ ಅವನು ಮರದ ಬೊಡ್ಡೆಯಲ್ಲಿ ದುಂಬಿಯ ಮರಿಹುಳುವೊಂದು ಸಲೀಸಾಗಿ ಕೊರೆದು ಸಾಗುತ್ತಿರುವುದನ್ನು ಕಂಡನು. ಅಂದಿನ ಗರಗಸದ ಹಲ್ಲುಗಳು ಮರವನ್ನು ಕೆರೆಯುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು. ಹುಳುವೋ ತನ್ನ ಬಾಗಿದ ದವಡೆಗಳಿಂದ ಎಡಕ್ಕೂ ಬಲಕ್ಕೂ ಚಕ್ಕೆ ಎಬ್ಬಿಸುತ್ತಿತ್ತು. ಅದನ್ನೇ ನೋಡಿ ಅವನು ಎಡಬಲಕ್ಕೆ ಬಾಗಿದ ಹಲ್ಲುಗಳ ಚೈನನ್ನು ಮಾಡಿದನು. 1947ರಲ್ಲಿ ಅದು ಮಾರಾಟಕ್ಕೆ ಬಂದಿತು. ಇಂದಿಗೂ ಜಗತ್ತಿನ ಚೈನುಗಳ ಹಲ್ಲು ಬಹುಮಟ್ಟಿಗೆ ಅದೇ ಬಗೆಯದು. ಆ ಮನುಷ್ಯನು ತನ್ನ ಕೆಲಸ ನಿಂತದ್ದೇಕೆಂದು ಕೇಳಿಕೊಂಡಿದ್ದನು; ಉತ್ತರವನ್ನು ಒಂದು ಹುಳುವಿನಿಂದ ಪಡೆಯಲು ನಾಚಲಿಲ್ಲ.

ಯಂತ್ರ ಎದ್ದದ್ದು ಒಂದು ಮುಂಜಾನೆ, ಪೂರ್ತಿ ತಣ್ಣಗಿರುವಾಗ, ಏಳನೆಯ ಎಳೆತಕ್ಕೆ. ಹಗ್ಗ ಹಿಡಿದು ತೂಗುಬಿಟ್ಟರೆ ಈಗ ಅದು ಬಿಗಿಯಾಗಿ, ತಡೆತಡೆದು ಇಳಿಯುತ್ತಿತ್ತು. ಮೇಸ್ತ್ರಿಯು ಮಾಪಕ ಹಾಕಿ ನೋಡಿದಾಗ ಕಂಪ್ರೆಷನ್ 150 ಪೌಂಡು ತೋರಿಸಿತು; 110ಕ್ಕಿಂತ ಕೆಳಗಿದ್ದರೆ ಚಿಂತೆಯ ಮಾತಾಗುತ್ತಿತ್ತು. ರಿಂಗು ಕೂಡಿಕೊಳ್ಳುವವರೆಗೆ ಮೊದಲ ಕೆಲವು ಟ್ಯಾಂಕು ಪೆಟ್ರೋಲು ಮುಗಿಯುವ ತನಕ ಭಾರವಾದ ಮರಕ್ಕೆ ಹಾಕಲಿಲ್ಲ. ಕೆಲಸವಿಲ್ಲದ ದಿನಗಳಲ್ಲಿ ಟ್ಯಾಂಕನ್ನು ಬರಿದು ಮಾಡಿಡಬೇಕೆಂದು ತಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದ್ದೇವೆ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ, ನಿಂತಲ್ಲೇ ನಿಂತರೆ ಅದು ತೇವ ಹೀರಿ ಪೈಪು, ಡಯಾಫ್ರಮ್ಮುಗಳನ್ನು ಕೆಡಿಸುತ್ತದೆ.

ಮೊದಲ ಕೊಯ್ತಕ್ಕೆ ಮುಂಚೆ ಮಗನು ಚಿಕ್ಕಪ್ಪನಿಗೆ ಒಂದು ಪರೀಕ್ಷೆ ಮಾಡಿಸಿದನು. ಚೈನು ಓಡುತ್ತಿರುವಾಗ ಎಡಗೈಯ ಹಿಡಿತ ಬಿಡದೆಯೇ ಮಣಿಕಟ್ಟನ್ನು ಮುಂದಕ್ಕೆ ಬಾಗಿಸಿ ಕಾವಲನ್ನು ದೂಡಬೇಕು. ಚೈನು ತಟ್ಟನೆ ನಿಂತಿತು. ತಮ್ಮನು ಮತ್ತೊಮ್ಮೆ ಮಾಡಿದನು. ಮತ್ತೊಮ್ಮೆ ನಿಂತಿತು. ಅವನು ತನ್ನ ತೋಳಿನ ಗಾಯವನ್ನು ಸವರಿಕೊಂಡು ಸುಮ್ಮನೆ ಮಗನ ತಲೆಯ ಮೇಲೆ ಕೈಯಿಟ್ಟನು. ಈಗ ಪ್ರತಿದಿನ ಕೆಲಸಕ್ಕೆ ಮುಂಚೆ ಆ ಪರೀಕ್ಷೆ ತಪ್ಪುವುದಿಲ್ಲ. ಯಂತ್ರ ಕೈಗೆ ಬಂದಿತೆಂದು ಕಂಡ ಮರಕ್ಕೆಲ್ಲ ಹಲ್ಲು ಹಾಕುವಂತಿಲ್ಲ, ನಮ್ಮ ರಾಜ್ಯದಲ್ಲಿ ನೀರು, ನೆಲ, ಮರಗಳಿಗಾಗಿಯೇ 2002ರ ಕಾಯ್ದೆಯಿದೆ ಎಂಬುದನ್ನೂ ನಾನು ನೆನಪಿಸಿದೆ. ಅದು ಮೇಷ್ಟರ ಚಟ.

ಮಗನು ಇಂಟರ್ಮೀಡಿಯೆಟ್ಟಿಗೆ ಸೇರಲಿಲ್ಲ, ಐಟಿಐಗೆ ಸೇರಿದ್ದಾನೆ. ನನ್ನ ನಿಶ್ಚಯ ಮುರಿದದ್ದಕ್ಕೆ ಮೊದಲ ಕೆಲವು ದಿನ ಬೇಸರವಿತ್ತು, ಸುಳ್ಳು ಹೇಳಲಾರೆ. ಈಗ ಅವನ ಬಳಿ ಒಂದು ನೋಟುಪುಸ್ತಕವಿದೆ. ಪ್ರತಿ ಪುಟದಲ್ಲಿ ಮೂರು ಸಾಲು ಗೆರೆ ಎಳೆದಿದ್ದಾನೆ. ಒಂದರಲ್ಲಿ ಕನ್ನಡ, ಒಂದರಲ್ಲಿ ತೆಲುಗು, ಒಂದರಲ್ಲಿ ಇಂಗ್ಲಿಷ್. ಗರಗಸದ ಎದುರಿಗೆ ರಂಪಂ, ಅರದ ಎದುರಿಗೆ ಆಕುರಾಯಿ, ಧೂಳಿನ ಎದುರಿಗೆ ದುಮ್ಮು. ಕೊನೆಯ ಪುಟಗಳಲ್ಲಿ ಲಂಬ, ಅಪವರ್ತನ, ವರ್ಗಮೂಲಗಳೂ ಬಂದಿವೆ. ನಮ್ಮ ಶಾಲೆಯ ಹತ್ತನೆಯ ತರಗತಿಯವರಿಗೆ ಈ ವರ್ಷದಿಂದ ಅಂಥದೇ ಪುಸ್ತಕವನ್ನು ನಾನು ಬರೆಸುತ್ತಿದ್ದೇನೆ.

ಮಕ್ಕಳು ಹಳೆಯ ಯಂತ್ರವೊಂದನ್ನು ಸರಿಪಡಿಸುತ್ತೇನೆಂದು ಕೇಳಿದರೆ ಓಡುತ್ತಿರುವುದನ್ನು, ಹೊಳೆಯುತ್ತಿರುವುದನ್ನು ಹುಡುಕಬೇಡಿ. ಎಲ್ಲ ಭಾಗಗಳಿರುವುದನ್ನು, ಬಿಚ್ಚಿ ನೋಡಲು ಬಿಡುವವರ ಬಳಿ ಇರುವುದನ್ನು, ಏಕೆ ನಿಂತಿತೆಂದು ಕಂಡುಹಿಡಿಯಬಹುದಾದುದನ್ನು ಆರಿಸಿ. ಬ್ರೇಕಿಲ್ಲದಿದ್ದರೆ ಅಲ್ಲಿಂದಲೇ ಹಿಂದಿರುಗಿ. ಹೊಸ ಭಾಗ ಹಾಕುವ ಮುಂಚೆ ಹಳೆಯದು ಕೆಟ್ಟ ಕಾರಣವನ್ನು ಹುಡುಕಿ. ನಾನು ಈ ಪಾಠವನ್ನು ಐವತ್ತು ದಾಟಿದ ಮೇಲೆ ಕಲ್ಯಾಣದುರ್ಗದ ಒಂದು ಮಸಿ ಹಿಡಿದ ಕೋಣೆಯಲ್ಲಿ ಕಲಿತೆ; ನನ್ನ ಮಗನು ಹದಿನೈದಕ್ಕೇ ಕಲಿತನು.